ಮಾವನ ಕಾರಿಗೆ ಅಗಲ ಚಕ್ರ

ಅಂದು ಟಯರು ಜಾರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ, ಬಂಟ್ವಾಳದ ಪೇಟೆಯಲ್ಲಿ, ಮಾವ ಚಹಾ ಕುಡಿಯುವ ಬಿ.ಸಿ.ರೋಡಿನ ಹೋಟೆಲಿನಲ್ಲಿ ಈಗ ನೆಲೆನಿಂತಿರುವ ಮಾತು ಬೇರೆ. ಲಾಯಿಲದ ತಿರುವಿನಲ್ಲಿ ಮಾವನ ಕಾರಿನ ಸಪೂರ ಟಯರು ಜಾರಿತು, ಆದ್ದರಿಂದ ಅಗಲದ ಚಕ್ರ ಹಾಕಿಸಬೇಕಾಯಿತು ಎಂದೇ ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುತ್ತಾರೆ ಎಂಬುದು ಪುರಾವೆಯಲ್ಲ. ನಾನು ಎಡಗಡೆಯ ಸೀಟಿನಲ್ಲಿ ಕೂತಿದ್ದೆ.

ಭಾನುವಾರದ ಬೆಳಿಗ್ಗೆ. ಮಳೆಗಾಲ ಮುಗಿದು ರಸ್ತೆ ಒಣಗಿ ಬಿಳಿಚಿಕೊಂಡಿತ್ತು. ಬೆಳ್ತಂಗಡಿ ದಾಟಿ ಚಾರ್ಮಾಡಿಯ ಕಡೆಗೆ ಹೊರಟಿದ್ದೆವು. ಘಾಟಿಯ ಬುಡದಲ್ಲಿ ಒಂದು ಚಹಾ ಕುಡಿದು ವಾಪಸು ಬರುವುದು ಮಾವನ ಭಾನುವಾರದ ಕ್ರಮ. ಲಾಯಿಲದಲ್ಲಿ ರಸ್ತೆ ಬಲಕ್ಕೆ ಬಾಗುವ ಕಡೆ ಕಾರು ಬಾಗಲಿಲ್ಲ, ನೆಟ್ಟಗೆ ಹೋಯಿತು. ಎಡಬದಿಯ ಮಣ್ಣಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆಯುತ್ತಿದ್ದರು. ಮಾವನ ಬಲಗೈ ಸ್ಟೇರಿಂಗಿನ ಮೇಲೆ ಇತ್ತು, ಇತ್ತು, ಅಷ್ಟೇ. ನಾನು ಕೈಚಾಚಿ ಸ್ಟೇರಿಂಗನ್ನು ಬಲಕ್ಕೆ, ಮಾವನ ಕಡೆಗೆ ನೂಕಿದೆ. ಕಾರು ಆ ಹೆಂಗಸಿನ ಸೀರೆಯ ಸೆರಗಿಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಹಾದು ಮತ್ತೆ ಡಾಮರಿಗೆ ಏರಿತು. ಅವರು ಅಲ್ಲೇ ಕುಸಿದು ಕೂತರು. ಕ್ಯಾನು ಉರುಳಿ ಹಾಲು ಮಣ್ಣಿನ ಪಾಲಾಯಿತು.

ಮಾವ ಕಾರು ನಿಲ್ಲಿಸಿ ಇಳಿದು ಓಡಿದರು. ಹೆಂಗಸನ್ನು ಎಬ್ಬಿಸಿದೆವು. ಪೆಟ್ಟೇನೂ ಆಗಿರಲಿಲ್ಲ. ಮಾವ ಮತ್ತೆ ಮತ್ತೆ ಕೈಮುಗಿದರು. ಆಮೇಲೆ ಕಾರಿನ ಹತ್ತಿರ ಹೋಗಿ ಮುಂದಿನ ಚಕ್ರವನ್ನು ಚಪ್ಪಲಿಯ ತುದಿಯಿಂದ ಮುಟ್ಟಿ, “ಜಾರಿತು. ಟಯರು ಸಪೂರ ಅಲ್ವಾ, ಹಿಡಿತ ಇಲ್ಲ” ಎಂದರು.

ನಾನು ಹಿಂದಕ್ಕೆ ನಡೆದು ಗುರುತು ನೋಡಿದೆ. ಡಾಮರಿನ ಅಂಚಿನಿಂದ ಮಣ್ಣಿಗೆ ಇಳಿದ ಗೆರೆ ಮಗ್ಗಿ ಪುಸ್ತಕದ ಗೆರೆಯಷ್ಟು ನೇರವಾಗಿತ್ತು. ಎಲ್ಲಿಯೂ ಉಜ್ಜಿರಲಿಲ್ಲ, ಅಡ್ಡ ಎಳೆದಿರಲಿಲ್ಲ. ಜಾರಿದ ಚಕ್ರ ಹಾಗೆ ಗೆರೆ ಎಳೆಯುವುದಿಲ್ಲ. ಆ ಚಕ್ರಕ್ಕೆ ತಿರುಗು ಎಂದು ಯಾರೂ ಹೇಳಿರಲೇ ಇಲ್ಲ.

ಮಾವ ಎಂದರೆ ಅಮ್ಮನ ಅಣ್ಣ, ನಾನು ಅವರ ತಂಗಿಯ ಮಗಳು. ನಮ್ಮಲ್ಲಿ ಕುಟುಂಬ ತಾಯಿಯ ಕಡೆಯಿಂದ ಎಣಿಸುವಂಥದು. ಮನೆಯ ಯಜಮಾನಿಕೆ ಮಾವನದು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಊಟದ ಮೇಜಿನಲ್ಲಿ ಬದಲಾಗಿಲ್ಲ. ಅಪ್ಪ ಒಳ್ಳೆಯವರು, ಆದರೆ ಮಾವ ಕೂರುವವರೆಗೆ ಅವರೂ ಕೂರುವುದಿಲ್ಲ. ಮುಂಬೈಯಲ್ಲಿ ಹೋಟೆಲು ನಡೆಸಿದ್ದ ಮಾವ, ಅತ್ತೆ ತೀರಿಹೋದ ಮೇಲೆ ಹೋಟೆಲು ಬಿಟ್ಟು ನಮ್ಮ ಜೊತೆ ಇರಲು ಬಂದರು. ಮಕ್ಕಳಿಲ್ಲ. ಬಂದದ್ದು ಈ ಕಾರಿನಲ್ಲಿ: ಹಸಿರು ಬಣ್ಣದ, ಎರಡೇ ಸೀಟಿನ, ತಲೆಯ ಮೇಲೆ ಬರೀ ಬಟ್ಟೆಯ ಮಾಡಿನ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರು. ಹೋಟೆಲಿನ ಗಿರಾಕಿಯೊಬ್ಬರ ಕಟ್ಟಡದ ಕೆಳಗೆ ತುಕ್ಕು ಹಿಡಿದು ಕೂತಿದ್ದದ್ದನ್ನು ಪಡೆದು, ಬಿಡುವಾದಾಗಲೆಲ್ಲ ಒಂದೊಂದೇ ಭಾಗ ಸರಿ ಮಾಡಿದ್ದರು. ಕೂತರೆ ಬಸ್ಸಿನ ಚಕ್ರ ನಮ್ಮ ಕಿವಿಯ ಮಟ್ಟಕ್ಕೆ ಕಾಣುತ್ತದೆ. ಚಕ್ರಗಳಿಗೆ ಸೈಕಲಿನ ಹಾಗೆ ಕಡ್ಡಿಗಳು, ನಡುವೆ ಒಂದೇ ದೊಡ್ಡ ನಟ್ಟು. ಬಿಚ್ಚಬೇಕಾದರೆ ಸುತ್ತಿಗೆಯಿಂದ ಬಡಿಯಬೇಕು. ಮಾವನೇ ಬಡಿಯುತ್ತಿದ್ದರು, ಬೇರೆಯವರಿಗೆ ಕೊಡುತ್ತಿರಲಿಲ್ಲ.

ಕೈ ಕೆಟ್ಟದ್ದು ನಿಧಾನವಾಗಿ. ಮೊದಲು ಅಂಗಿಯ ಗುಂಡಿ ತಡವಾಯಿತು. ಆಮೇಲೆ ಅಮ್ಮ ಅವರ ಲೋಟಕ್ಕೆ ಅರ್ಧವೇ ಚಹಾ ಹಾಕತೊಡಗಿದಳು. ನಡುಕ ಒಂದು, ಅದಕ್ಕಿಂತ ಕೆಟ್ಟದ್ದು, ಕೆಲವೊಮ್ಮೆ ಕೈ ಇದ್ದಲ್ಲೇ ಇದ್ದುಬಿಡುತ್ತದೆ, ಹೇಳಿದ್ದು ಕೇಳುವುದಿಲ್ಲ. ಮಂಗಳೂರಿನ ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ‘ಕೈಯ ವಿಷಯ’ ಎನ್ನುತ್ತಾರೆ.

ಲಾಯಿಲದ ಮರುದಿನ ಮಾವ ಹೊಸ ಹಾಲಿನ ಕ್ಯಾನೊಂದನ್ನು ಕೊಂಡು ಬಸ್ಸಿನಲ್ಲಿ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದರು. ನಾನು ಬೆಳ್ತಂಗಡಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್. ಮಧ್ಯಾಹ್ನ ಬಿಡುವು ಮಾಡಿ ಜೊತೆಗೆ ಹೋದೆ. ಆಕೆ ಗೇಟಿಗೇ ಬಂದು, ಕ್ಯಾನು ತೆಗೆದುಕೊಂಡು, ದನಿ ತಗ್ಗಿಸಿ ಒಂದೇ ಮಾತು ಹೇಳಿದರು: ಮನೆಯಲ್ಲಿ ಗೊತ್ತಾಗುವುದು ಬೇಡ, ಗೊತ್ತಾದರೆ ಇನ್ನು ಡೈರಿಗೆ ಕಳಿಸುವುದಿಲ್ಲ. ಮಾವ ತಲೆಯಾಡಿಸಿದರು. ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯಿಂದ ಹೊರಗೇ ನೋಡುತ್ತಿದ್ದರು.

ಆ ವಾರವೇ ಅಗಲ ಚಕ್ರದ ಮಾತು ಶುರುವಾಯಿತು. ರಾತ್ರಿ ಊಟಕ್ಕೆ ಕೂತಾಗ ಮಾವ ಪ್ರಕಟಿಸಿದರು: ಕಡ್ಡಿ ಚಕ್ರ ತೆಗೆದು ಅಲಾಯ್ ಚಕ್ರ, ಅದಕ್ಕೆ ಈಗಿನ ಕಾಲದ ಅಗಲದ ಟಯರು. ಮೂಡುಬಿದಿರೆಯಲ್ಲಿ ರ‍್ಯಾಲಿ ಕಾರುಗಳ ಕೆಲಸ ಮಾಡುವ ಗ್ಯಾರೇಜು ಉಂಟು, ಅಲ್ಲಿ ಮಾತಾಡಿ ಆಗಿದೆ.

ನಾನು ಅದೇ ಮೂಡುಬಿದಿರೆಯಲ್ಲಿ ಕಾಲೇಜು ಓದುವಾಗ ಡಿಬೇಟ್ ತಂಡದಲ್ಲಿದ್ದೆ. ಅಲ್ಲಿ ಕಲಿತ ಮೊದಲ ಪಾಠ, ಎದುರಿನವರ ವಾದ ಎಲ್ಲಿಂದ ಹೊರಟಿತು ಎಂದು ಕೇಳಬೇಕು, ಎಲ್ಲಿಗೆ ಹೋಯಿತು ಎಂದಲ್ಲ. ಆದರೆ ಈ ವಾದ ಹೊರಟದ್ದು ‘ಟಯರು ಜಾರಿತು’ ಎಂಬಲ್ಲಿಂದ, ಅದನ್ನು ಆ ಮೇಜಿನಲ್ಲಿ ಮುಟ್ಟುವಂತಿರಲಿಲ್ಲ. ಹಾಗಾಗಿ ಬದಿಯಿಂದ ಹೋದೆ. ಅಗಲದ ಟಯರು ಒಣ ರಸ್ತೆಯಲ್ಲಿ ಹಿಡಿಯುತ್ತದೆ, ಒಪ್ಪಿದೆ. ಮಳೆಯಲ್ಲಿ ನೀರಿನ ಮೇಲೆ ತೇಲುತ್ತದೆ, ನಮ್ಮದು ಮಳೆಯ ಊರು. ರಸ್ತೆಯ ತಗ್ಗುಗೆರೆ ಹಿಡಿದು ಎತ್ತಲೋ ಎಳೆಯುತ್ತದೆ, ನಮ್ಮ ರಸ್ತೆ ಅಗಲ ಮಾಡುವ ಕೆಲಸ ಮುಗಿಯುವುದೇ ಇಲ್ಲ, ಎಲ್ಲೆಲ್ಲೂ ಅಂಥ ಗೆರೆ. ಮಡ್‌ಗಾರ್ಡಿಗೆ ಉಜ್ಜುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಈ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲ. ನೆಲಕ್ಕೆ ತಾಗುವ ರಬ್ಬರು ಹೆಚ್ಚಾದಷ್ಟೂ ಸ್ಟೇರಿಂಗು ಭಾರವಾಗುತ್ತದೆ.

‘ಭಾರ’ ಎಂದಾಗ ಅಪ್ಪ ತಟ್ಟೆ ನೋಡಿದರು. ಮಾವ ಮೀನಿನ ಮುಳ್ಳು ಬಿಡಿಸುತ್ತಿದ್ದರು, ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

ಆಗ ಅಮ್ಮ ಬಾಯಿಬಿಟ್ಟಳು. ಈ ಕಾರು ಮನೆಗೆ ಬಂದ ದಿನದಿಂದ ಅದನ್ನು ‘ಆಮೆ’ ಎಂದು ಕರೆದು ಒಮ್ಮೆಯೂ ಹತ್ತದ ನನ್ನ ಅಮ್ಮ ಹೇಳಿದಳು: “ಅಣ್ಣ ಹೇಳುವುದು ಸರಿ ಉಂಟು. ಅಗಲದ್ದೇ ಹಾಕಿಸುವ.”

ಊಟವಾದ ಮೇಲೆ ಪಾತ್ರೆ ತೊಳೆಯುವಲ್ಲಿ ಅವಳನ್ನು ಹಿಡಿದುಕೊಂಡೆ. ಭಾರವಾಗುತ್ತದೆ ಎಂದದ್ದು ಕೇಳಿಸಲಿಲ್ಲವಾ ಎಂದೆ.

“ಕೇಳಿತು,” ಎಂದಳು. “ಅದಕ್ಕೇ ಹಾಕಿಸಲಿ.”

ಆಮೇಲೆ ಅಜ್ಜಿಯ ವಿಷಯ ಹೇಳಿದಳು. ಅಜ್ಜಿಗೆ ಕಣ್ಣು ಮಂದವಾಗಿ, ಕಟ್ಟಿಗೆಯ ಒಲೆಯ ಮುಂದೆ ಒಮ್ಮೆ ಸೆರಗಿಗೆ ಬೆಂಕಿ ತಾಗಿತ್ತಂತೆ. ಇನ್ನು ಅಡುಗೆಗೆ ಬರಬೇಡಿ ಎಂದು ಯಾರೂ ಹೇಳಲಿಲ್ಲ. ಮನೆಗೆ ಗ್ಯಾಸಿನ ಒಲೆ ಬಂತು, ಮಣ್ಣಿನ ಒಲೆ ಒಡೆದು ಅಲ್ಲಿ ಕಪಾಟು ಇಟ್ಟರು. ಬುಸ್ಸೆನ್ನುವ ಈ ಒಲೆಯ ಮುಂದೆ ನಾನು ನಿಲ್ಲುವವಳಲ್ಲ ಎಂದು ಅಜ್ಜಿ ತಾನೇ ಸೌಟು ಕೆಳಗಿಟ್ಟಳು. ಸಾಯುವವರೆಗೂ ಗ್ಯಾಸನ್ನು ಬೈದುಕೊಂಡೇ ಇದ್ದಳು, ಮಕ್ಕಳನ್ನಲ್ಲ, ಕಣ್ಣನ್ನಲ್ಲ.

“ವಸ್ತು ಅಡ್ಡ ಬರಲಿ ಮಗಾ, ಮನುಷ್ಯರು ಬರುವುದು ಬೇಡ. ವಸ್ತುವಿನ ಮೇಲೆ ಸಿಟ್ಟು ಇಟ್ಟುಕೊಂಡು ಬದುಕಬಹುದು,” ಎಂದಳು ಅಮ್ಮ.

ಇದು ನಮ್ಮವರ ಕ್ರಮ. ಹೆಸರಿಲ್ಲ, ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಬರುತ್ತದೆ. ನನಗೆ ಮಾತ್ರ ಅದು ಮೋಸವಾಗಿ ಕಂಡಿತು, ಹಾಗೆಂದೆ. ಇಡೀ ಜೀವಮಾನ ಎಲ್ಲರ ಪರವಾಗಿ ನಿರ್ಧಾರ ಮಾಡಿದ ಮನುಷ್ಯನಿಗೆ ಅವರದೇ ಕೈಯ ವಿಷಯದಲ್ಲಿ ನಿರ್ಧಾರ ಮಾಡುವ ಹಕ್ಕು ಕೊಡದಿರುವುದು ಯಾವ ಗೌರವ ಎಂದು ಕೇಳಿದೆ.

“ಹಾಗಾದರೆ ನೀನು ಹೇಳು. ನಿನ್ನ ಬಾಯಿಗೆ ಬೀಗ ಹಾಕಿದವರು ಯಾರು ಮಾರಾಯ್ತಿ?” ಎಂದಳು ಅಮ್ಮ. “ಹೇಳಿದ ಮೇಲೆ ನಾಳೆ ಬೆಳಿಗ್ಗೆ ಅವರ ಎದುರು ತಿಂಡಿ ತಿನ್ನಲಿಕ್ಕೂ ನೀನೇ ಕೂರಬೇಕು, ಅಷ್ಟೇ.”

ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಒಲೆ ಮನೆಯೊಳಗಿನ ವಸ್ತು. ಕಾರು ರಸ್ತೆಯಲ್ಲಿ ಹೋಗುತ್ತದೆ. ಸ್ಟೇರಿಂಗು ಭಾರವಾಗಿ ಮಾವ ತಾನಾಗಿ ಕೈಬಿಡುವ ದಿನದವರೆಗೆ, ಆ ಭಾರದ ಸ್ಟೇರಿಂಗು ಹಿಡಿದು ಅವರು ಎಷ್ಟು ತಿರುವುಗಳನ್ನು ದಾಟಬೇಕು? ಆ ತಿರುವುಗಳಲ್ಲಿ ಯಾರು ನಡೆಯುತ್ತಿರುತ್ತಾರೆ? ಅಮ್ಮ ನಲ್ಲಿ ನಿಲ್ಲಿಸಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಹೋದಳು. ವಾದದಲ್ಲಿ ಗೆಲುವು ನನ್ನ ಪಾಲಿಗೆ ಬಂತು. ಆದರೆ ಮಾವ ಗ್ಯಾರೇಜಿನಿಂದ ಕಾರು ಹೊರಗೆ ತರುವ ಮೊದಲು ಹೇಳಬೇಕಾದವಳು ನಾನೇ ಎಂಬುದೂ ಅದರ ಜೊತೆಯಲ್ಲೇ ಬಂತು.

ಮೂಡುಬಿದಿರೆಗೆ ಹೋಗುವಾಗ ಕಾರನ್ನು ಓಡಿಸಲು ನಾನು ಕೇಳಿದೆ, ರಸ್ತೆ ಅಭ್ಯಾಸವಾಗಲಿ ಎಂಬ ನೆಪದಲ್ಲಿ. ಮಾವ ಕೀ ಕೊಟ್ಟರು. ಇಡೀ ದಾರಿ ನಾನು ವಾಕ್ಯ ಜೋಡಿಸುತ್ತಿದ್ದೆ. ವೇದಿಕೆಯಲ್ಲಿ ನಿಂತರೆ ಯಾವ ವಿಷಯಕ್ಕೂ ಆರಂಭದ ವಾಕ್ಯ ಸಿಕ್ಕುವ ನನಗೆ ಸಿದ್ದಕಟ್ಟೆ ದಾಟಿದರೂ ಒಂದೂ ಸಿಕ್ಕಲಿಲ್ಲ.

ಗ್ಯಾರೇಜಿನವನು ನನಗಿಂತ ಸ್ವಲ್ಪ ದೊಡ್ಡವನು, ಮಾತುಗಾರ. ಕೆಸರಿನಲ್ಲಿ ಓಡಿಸುವ ಕಾರುಗಳಿಗೆ ಚಕ್ರ ಹಾಕಿ ಹಾಕಿ, ಅಗಲವಾದದ್ದೆಲ್ಲ ಒಳ್ಳೆಯದು ಎಂಬ ನಂಬಿಕೆ ಅವನಿಗೆ ಬಲಿತಿತ್ತು. ನನ್ನ ಮಳೆಯ ವಾದವನ್ನು ಅವನು ನಗುತ್ತಲೇ ತಳ್ಳಿಹಾಕಿದ. “ಅಕ್ಕ, ರಸ್ತೆಗೆ ಅಂಟಿ ಕೂರ್ತದೆ. ಮತ್ತೆ ಲುಕ್ಕು, ಅದು ಹೇಳುವುದೇ ಬೇಡ.” ಕಡ್ಡಿ ಚಕ್ರದ ನಟ್ಟು ಬಡಿಯಲು ಅವನು ಸುತ್ತಿಗೆ ಎತ್ತಿದಾಗ ಮಾವ ಕೈ ಚಾಚಿದರು. ಆಮೇಲೆ ಏನೋ ನೆನಪಾದವರಂತೆ ಕೈ ಹಿಂದಕ್ಕೆ ಕಟ್ಟಿ ನಿಂತರು.

ಹೊಸ ಚಕ್ರ ಕೂರಬೇಕಾದರೆ ಚಕ್ರ ಸಿಕ್ಕಿಸುವ ಒಳಗಿನ ಗುಂಬವನ್ನೇ, ಅಂದರೆ ಹಬ್ಬನ್ನೇ, ಬದಲಿಸಬೇಕಿತ್ತು. ನಡುವಿನ ಒಂದು ನಟ್ಟಿನ ಬದಲು ಸುತ್ತ ಬೋಲ್ಟುಗಳು. ಅದು ಮುಗಿದು ಚಕ್ರ ಏರಿಸಿದಾಗ ಕಾರಿನ ನಿಲುವೇ ಬೇರೆಯಾಯಿತು. ಸಪೂರ ಕಾಲಿನ ಮನುಷ್ಯ ದೊಡ್ಡ ಬೂಟು ಹಾಕಿದ ಹಾಗೆ. ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ ನೋಡಿದಾಗ ಟಯರಿನ ಹೆಗಲು ಮಡ್‌ಗಾರ್ಡಿನ ಒಳ ಅಂಚಿಗೆ ಕಚ್ಚಿತು. ಅವನು ಆ ಅಂಚನ್ನು ಬಡಿದು ಒಳಕ್ಕೆ ಮಡಚಿದ. ಆ ಸದ್ದಿಗೆ ಮಾವ ಪ್ರತಿಸಲ ಕಣ್ಣು ಮುಚ್ಚುತ್ತಿದ್ದರು.

ಅಂಚು ಮಡಚುತ್ತಲೇ ಅವನು, ಸ್ಟೇರಿಂಗು ಸ್ವಲ್ಪ ಭಾರವಾಗಿದೆ, ಆದರೆ ಅದಕ್ಕೆ ಉಪಾಯವುಂಟು ಎಂದ. ಗುಜರಿಗೆ ಹೋದ ಸಣ್ಣ ಕಾರಿನಿಂದ ವಿದ್ಯುತ್ತಿನ ಮೋಟಾರೊಂದನ್ನು ತೆಗೆದು ಡ್ಯಾಶಿನ ಅಡಿಯಲ್ಲಿ ಕೂರಿಸಿದರೆ ಒಂದು ಬೆರಳಿನಲ್ಲಿ ತಿರುಗಿಸಬಹುದು, ಹೊರಗಿನಿಂದ ಕಾಣುವುದೂ ಇಲ್ಲ. ನಾನು ಮಾವನ ಮುಖ ನೋಡಿದೆ. ಭಾರದ ಬಗ್ಗೆ ನಾನು ಹೇಳಿದ್ದಕ್ಕೆಲ್ಲ ಇದು ಸರಿಯಾದ ಉತ್ತರ. ನನ್ನ ವಾದ ಅಲ್ಲಿಗೆ ಮುರಿದು ಬೀಳಬೇಕಿತ್ತು.

“ಬೇಡ,” ಎಂದರು ಮಾವ. ಯೋಚಿಸಲೂ ಇಲ್ಲ.

ಅವನು ಭುಜ ಕುಣಿಸಿ ಚಹಾಕ್ಕೆ ಹೋದ. ಗ್ಯಾರೇಜಿನಲ್ಲಿ ನಾವಿಬ್ಬರೇ ಉಳಿದೆವು. ಆ ‘ಬೇಡ’ ಎಷ್ಟು ಬೇಗ ಬಂತೆಂದರೆ ನನಗೆ ಹೆದರಿಕೆಯಾಯಿತು, ಮತ್ತು ಆ ಹೆದರಿಕೆಯಲ್ಲೇ ಮಾತು ಬಾಯಿಯಿಂದ ಬಂದುಬಿಟ್ಟಿತು.

“ಮಾವ, ಅಂದು ಟಯರು ಜಾರಲಿಲ್ಲ. ನಿಮ್ಮ ಕೈ ತಿರುಗಲಿಲ್ಲ.”

ಅವರು ಬೋನೆಟ್ಟಿನ ಮೇಲಿದ್ದ ಚಿಂದಿ ಬಟ್ಟೆಯನ್ನು ತೆಗೆದು ಮಡಚಿದರು. ಬಹಳ ಹೊತ್ತು ಬೇಕಾಯಿತು ಮಡಚಲಿಕ್ಕೆ.

“ಗೊತ್ತುಂಟು,” ಎಂದರು. “ನಿನ್ನ ಅಮ್ಮ ಹೂಂ ಅಂದದ್ದು ಯಾಕೆ ಅಂತಲೂ ಗೊತ್ತುಂಟು. ಅಜ್ಜಿಗೆ ಗ್ಯಾಸಿನ ಒಲೆ ಕಳಿಸಿದ್ದು ಯಾರು ಅಂತ ಮಾಡಿದ್ದಿ? ಮುಂಬೈಯಿಂದ ನಾನೇ.”

ನಾನು ಬಿಡಲಿಲ್ಲ. ಬಿಡುವ ಅಭ್ಯಾಸವಿಲ್ಲ. ಗೊತ್ತಿದ್ದ ಮೇಲೆ ಈ ನಾಟಕ ಯಾಕೆ, ಕೈಗೆ ಆಗುವುದಿಲ್ಲ ಎಂದು ಕೀಯನ್ನು ಮೊಳೆಗೆ ತೂಗುಹಾಕಿದರೆ ಮುಗಿಯಿತಲ್ಲ, ಪಾಪದ ಕಾರಿಗೆ ಯಾಕೆ ಈ ಬೂಟು ಎಂದೆ.

“ಕೈ ಅಂತ ಹೇಳಿದರೆ ಊರು ನನ್ನ ಕೈ ನೋಡ್ತದೆ. ಟಯರು ಅಂತ ಹೇಳಿದರೆ ಟಯರು ನೋಡ್ತದೆ.”

“ಊರಿಗೆ ಹೇಳುವುದು ಬಿಡಿ. ಸುಮ್ಮನೆ ನಿಲ್ಲಿಸಬಹುದಿತ್ತು.”

“ಆಗುವುದಿಲ್ಲ ಮಗಾ,” ಎಂದರು ಮಾವ. ಈಗ ದನಿ ಬಹಳ ತಗ್ಗಿತ್ತು. “ಲಾಯಿಲದ ಮೊದಲು ನಾಲ್ಕೈದು ಸಲ ನಾನೇ ನಿಲ್ಲಿಸಿದ್ದೆ. ಸೋಮವಾರ ನಿಲ್ಲಿಸುವುದು, ಶನಿವಾರ ಬರುವಾಗ ಕೈ ಸರಿ ಉಂಟು ಅಂತ ಅನಿಸುವುದು. ಆ ಹೆಂಗಸು ಕೂತದ್ದು ನೋಡಿದ ಮೇಲೂ ಮೊನ್ನೆ ಒಮ್ಮೆ ಅನಿಸಿತು. ನನಗೆ ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ. ಸ್ಟೇರಿಂಗು ಆಗುವುದಿಲ್ಲ ಅಂತ ಹೇಳಿದರೆ ಕೇಳ್ತೇನೆ.”

ಈ ವಾದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಗೌರವ, ಹಕ್ಕು, ಮೋಸ ಎಂದು ನಾನು ಮಾತಾಡುತ್ತಿದ್ದಾಗ ಅವರು ಬೇರೆಯೇ ಲೆಕ್ಕ ಹಾಕಿದ್ದರು. ಅಮ್ಮ ಅವರಿಗೆ ಗೊತ್ತಾಗದಂತೆ ಮಾಡಬೇಕೆಂದಿದ್ದನ್ನು ಅವರು ಗೊತ್ತಿದ್ದೇ ತಮಗೆ ತಾವು ಮಾಡಿಕೊಳ್ಳುತ್ತಿದ್ದರು. ಇದನ್ನು ಮೋಸ ಎನ್ನಬಹುದೇ? ಮೋಸ ಹೋಗುವವನೇ ಮಾಡುವವನೂ ಆದರೆ ಅದಕ್ಕೆ ಇನ್ನೊಂದು ಹೆಸರು ಬೇಕು. ನನಗೆ ಈವರೆಗೆ ಸಿಕ್ಕಿಲ್ಲ.

“ಗೇಟಿನವರೆಗೆ ಕಾರು ನಾನು ಬಿಡ್ತೇನೆ,” ಎಂದು ಅವರು ಒಳಗೆ ಕೂತರು.

ಅಂಗಳ ವಿಶಾಲವಾಗಿತ್ತು, ಯಾರೂ ಇರಲಿಲ್ಲ. ನಾನು ಪಕ್ಕದಲ್ಲಿ ಕೂರಲಿಲ್ಲ. ಗೇಟಿನ ಬಳಿ ನಿಂತು ರಸ್ತೆಗೆ ಬೆನ್ನು ಹಾಕಿದೆ. ಕಾರನ್ನು ಮಾಡಿನ ಅಡಿಯಿಂದ ಹಿಂದಕ್ಕೆ ತಂದು ಎಡಕ್ಕೆ ತಿರುಗಿಸಿ ಗೇಟಿಗೆ ಮುಖ ಮಾಡಬೇಕು. ಹಿಂದಕ್ಕೆ ಬಂದದ್ದು ಚೆನ್ನಾಗಿಯೇ ಬಂತು. ಆಮೇಲೆ ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು ತಿರುಗಿಸಿದರು. ಅಗಲದ ಟಯರುಗಳು ಜಲ್ಲಿಯ ಮೇಲೆ ಕರಕರ ಎಂದು ಸ್ವಲ್ಪ ಹೊರಳಿದವು, ನಿಂತವು. ಭುಜ ಮುಂದಕ್ಕೆ ಬಾಗಿಸಿ ಇನ್ನೊಮ್ಮೆ ಪ್ರಯತ್ನ ಮಾಡಿದರು. ಬಲಗೈ ಜಾರಿ ತೊಡೆಯ ಮೇಲೆ ಬಿತ್ತು. ಅದನ್ನು ಎಡಗೈಯಿಂದ ಎತ್ತಿ ಮತ್ತೆ ಸ್ಟೇರಿಂಗಿನ ಮೇಲೆ ಇಟ್ಟರು, ಮಗುವಿನ ಕೈಯನ್ನು ಸ್ಲೇಟಿನ ಮೇಲೆ ಇಡುವ ಹಾಗೆ. ತಿರುಗಲಿಲ್ಲ. ಎಂಜಿನು ಓಡುತ್ತಲೇ ಇತ್ತು. ಮಾವ ಮುಂದಿನ ಗಾಜಿನಿಂದ ನನ್ನನ್ನು ನೋಡುತ್ತಿದ್ದರೋ, ನನ್ನ ಹಿಂದಿನ ರಸ್ತೆಯನ್ನು ನೋಡುತ್ತಿದ್ದರೋ ತಿಳಿಯಲಿಲ್ಲ. ಆಮೇಲೆ ಎಂಜಿನು ಆರಿಸಿದರು.

ಚಹಾ ಕುಡಿದು ಬಂದ ಗ್ಯಾರೇಜಿನವನು ಕಾರು ಅಡ್ಡ ನಿಂತದ್ದು ಕಂಡು, ಸ್ವಲ್ಪ ದಿನ ಹೋದರೆ ಅಭ್ಯಾಸ ಆಗ್ತದೆ ಅಂಕಲ್ ಎಂದ.

“ಇಲ್ಲ ಮಾರಾಯ. ಭಾರ ಉಂಟು,” ಎಂದರು ಮಾವ. “ನನಗೆ ಆಗುವುದಿಲ್ಲ.”

ನನಗೆ ಆಗುವುದಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಾರಿನ ಮುಂಭಾಗವನ್ನು ಸುತ್ತಿ ನಡೆದು ಬಂದು ಎಡಗಡೆ ಕೂತರು.

ವಾಪಸು ಬರುವ ದಾರಿಯಲ್ಲಿ ಸ್ಟೇರಿಂಗು ನನ್ನ ಕೈಯನ್ನೂ ಎಳೆದಾಡಿತು. ರಸ್ತೆಯಲ್ಲಿ ಲಾರಿ ಚಕ್ರ ತುಳಿದ ತಗ್ಗು ಸಿಕ್ಕಿದರೆ ಕಾರು ಅತ್ತ ಹೋಗುತ್ತಿತ್ತು. ಮಾವ ಹೊಂಡ ಬಂದಾಗ ‘ಬಲಕ್ಕೆ’, ‘ನಿಧಾನ’ ಎನ್ನುತ್ತಿದ್ದರು. ಮನೆಗೆ ಬಂದಾಗ ಅಮ್ಮ ಹೊಸ ಚಕ್ರದ ಅಡಿಗೆ ಇಡಲು ಲಿಂಬೆಹಣ್ಣು ಹಿಡಿದು ಅಂಗಳದಲ್ಲಿ ಕಾಯುತ್ತಿದ್ದಳು. ಬಲಗಡೆಯ ಬಾಗಿಲಿನಿಂದ ನಾನು ಇಳಿದದ್ದನ್ನು ನೋಡಿದಳು. ಲಿಂಬೆಹಣ್ಣು ಇಟ್ಟಳು. ಮರುದಿನ ಬೆಳಿಗ್ಗೆ ಮಾವನ ಎದುರು ಕೂತು ನಾನು ತಿಂಡಿ ತಿಂದೆ. ಅಮ್ಮ ಹೆದರಿಸಿದಷ್ಟು ಕಷ್ಟವಾಗಲಿಲ್ಲ; ಸುಲಭವೂ ಆಗಿರಲಿಲ್ಲ.

ಆಮೇಲೆ ಮಾವ ಸ್ಟೇರಿಂಗು ಮುಟ್ಟಲಿಲ್ಲ. ಸಿಕ್ಕಿದವರಿಗೆಲ್ಲ ಒಂದೇ ಉತ್ತರ: ಟಯರು ಅಗಲವಾಯಿತಲ್ಲ, ಸ್ಟೇರಿಂಗು ಗಟ್ಟಿ, ಅದಕ್ಕೇ ಕಾರು ಇವಳು ಬಿಡುವುದು. ಕೇಳಿದವರು ಬಾಗಿ ಟಯರು ನೋಡುತ್ತಿದ್ದರು, ಒಬ್ಬಿಬ್ಬರು ಕೈಯಿಂದ ಅಳತೆ ಹಾಕುತ್ತಿದ್ದರು. ಮಾವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕಳೆದ ತಿಂಗಳು ಬಿ.ಸಿ.ರೋಡಿನ ಹೋಟೆಲಿನಲ್ಲಿ ಚಹಾಕ್ಕೆ ಕೂತಿದ್ದಾಗ ಮಾವನ ಮುಂಬೈ ಕಾಲದ ಗೆಳೆಯರೊಬ್ಬರು ಸಿಕ್ಕಿದರು. ಅವರಿಗೂ ಅದೇ ಉತ್ತರ ಬಂತು. ಆದರೆ ಅವರು ಟಯರು ನೋಡಲು ಬಾಗುವ ಜಾತಿಯವರಲ್ಲ, ತಲೆ ಓಡಿಸುವವರು.

“ಹಾಗಾದರೆ ಹಳೆಯ ಚಕ್ರ ಹಾಕಿಸು ಮಾರಾಯ. ಅದು ಎಂತ ದೊಡ್ಡ ಕೆಲಸ? ಪುನಃ ಓಡಿಸಬಹುದಲ್ಲ.”

ಅಷ್ಟು ಕಾಲ ಯಾರೂ ಕೇಳದ ಪ್ರಶ್ನೆ. ಲಾಯಿಲದ ಆ ಹೆಂಗಸಿನ ವಿಷಯ ತಿಳಿಯದವರು ಯಾರಾದರೂ ಕೇಳಲೇಬೇಕಾದ ಪ್ರಶ್ನೆ. ಮಾವ ಬಾಯಿ ತೆರೆದರು. ಅವರ ಮುಖದಲ್ಲಿ ಒಂದು ಕ್ಷಣ ಶನಿವಾರದ ಆಸೆ ಹಾದುಹೋದದ್ದನ್ನು ನಾನು ಸ್ಪಷ್ಟವಾಗಿ ಕಂಡೆ. ಅದು ನಿಜಕ್ಕೂ ದೊಡ್ಡ ಕೆಲಸವಲ್ಲ.

“ಆಗುವುದಿಲ್ಲ ಅಂಕಲ್,” ಎಂದೆ. “ಹಬ್ಬೇ ಬದಲಾಗಿದೆ. ಹಳೆಯದು ಈಗ ಕೂರುವುದಿಲ್ಲ.”

ಹಬ್ಬು ಬದಲಾಗಿರುವುದು ನಿಜ. ಅದನ್ನು ಮತ್ತೆ ಬದಲಿಸಬಹುದು ಎಂಬುದೂ ಅಷ್ಟೇ ನಿಜ. ನಾನು ಮೊದಲಿನದನ್ನು ಮಾತ್ರ ಹೇಳಿದೆ, ಎರಡನೆಯದನ್ನು ಯಾರಾದರೂ ಎತ್ತಬಹುದೆಂದು ಕಾದೆ. ಯಾರೂ ಎತ್ತಲಿಲ್ಲ. ಬಾಯಿಬಿಟ್ಟು ಹೇಳಬೇಕು ಎನ್ನುವ ಪಕ್ಷವನ್ನು ನಾನು ಬಿಟ್ಟಿಲ್ಲ. ಹೇಳಬೇಕಾದವರಿಗೆ ಮೂಡುಬಿದಿರೆಯಲ್ಲಿ ಹೇಳಿಯಾಗಿದೆ.

ಗೆಳೆಯರು ಅಯ್ಯೋ ಎಂದು ಲೊಚಗುಟ್ಟಿದರು. ಆಮೇಲೆ, ಭಾನುವಾರ ತನ್ನನ್ನೂ ಒಮ್ಮೆ ಚಾರ್ಮಾಡಿಯವರೆಗೆ ಕರೆದುಕೊಂಡು ಹೋಗಬಹುದಾ ಎಂದು ಮಾವನನ್ನು ಕೇಳಿದರು. ಎರಡೇ ಸೀಟು, ಅವರು ಕೂತರೆ ಮಾವ ಮನೆಯಲ್ಲಿ ಉಳಿಯಬೇಕು.

ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು.

“ನನ್ನನ್ನು ಕೇಳಬೇಡ,” ಎಂದರು. “ಕಾರು ಬಿಡುವವಳು ಇವಳು. ಇವಳನ್ನು ಕೇಳು.”